ರೀಸೈಕಲ್ ಬಿನ್‌ಗೆ ‘ತಿಪ್ಪೆ’ ಅಂತ ಹೆಸರಿಟ್ಟವರು

ಹೋದ ತಿಂಗಳು ಒಂದು ಕಚೇರಿಗೆ ಪ್ರಿಂಟರ್ ನೋಡಲು ಹೋಗಿದ್ದೆ. ಕಂಪ್ಯೂಟರ್ ಆನ್ ಮಾಡಿ ಕೂತೆ. ಟೀ ಬಂತು, ಕುಡಿದೂ ಆಯಿತು, ಆಮೇಲೆ ಡೆಸ್ಕ್‌ಟಾಪ್ ಬಂತು. ಮೇಲೆ ಎಡಗಡೆ ‘ದಿಸ್ ಪಿಸಿ’ ಅಂತ ಇರಬೇಕಾದ ಜಾಗದಲ್ಲಿ ‘ನಾಳೆ ಬಾ’ ಅಂತ ಇತ್ತು.

“ಯಾರು ಮೇಡಂ ಇದಕ್ಕೆ ನಾಮಕರಣ ಮಾಡಿದ್ದು?” ಅಂದೆ.

ಎಫ್‌ಡಿಎ ಮೇಡಂ ನಗಲಿಲ್ಲ. “ಅದೇ ದಿನಾ ಹೇಳ್ತಿತ್ತಲ್ಲ ಸಾರ್, ನಾವು ಬರೆದ್ವಿ ಅಷ್ಟೇ” ಅಂದರು.

ತೊಂಬತ್ತರ ದಶಕದಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದುದನ್ನು ನೋಡಿದವನು ನಾನು. ಆಗ ಮನೆಯವರು ದೆವ್ವಕ್ಕೆ ಹೇಳುತ್ತಿದ್ದರು. ಇಲ್ಲಿ ದೆವ್ವವೇ ಮನೆಯವರಿಗೆ ಹೇಳುತ್ತಿದೆ. ಪ್ರಿಂಟರ್ ಬಿಟ್ಟು ಮೊದಲು ಕಂಪ್ಯೂಟರನ್ನೇ ಬಿಚ್ಚಿದೆ. ಒಳಗೆ ಹಳೇ ಕಾಲದ ತಿರುಗೋ ಹಾರ್ಡ್ ಡಿಸ್ಕ್. ಅದರ ಮೇಲೆ ವಿಂಡೋಸ್ 10, ನಿಧಾನ ಆಗದೆ ಇನ್ನೇನು. ‘ನಾಳೆ ಬಾ’ ಅನ್ನುವ ಎರಡು ಪದದಲ್ಲಿ ಇದ್ದ ದೂರು ಪೂರ್ತಿ ನಿಜವಾಗಿತ್ತು.

ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಸರ್ವೀಸ್ ಮಾಡುತ್ತಿದ್ದೇನೆ. ಯಾರದೇ ಮೆಷೀನ್ ಮುಂದೆ ಕೂತರೂ ಮೊದಲು ಐಕಾನ್ ಕೆಳಗಿನ ಹೆಸರು ಓದುತ್ತೇನೆ. ಟಾಸ್ಕ್ ಮ್ಯಾನೇಜರ್ ಆಮೇಲೆ. ಜನ ಫೋನಿನಲ್ಲಿ “ಏನೋ ಸರಿ ಇಲ್ಲ ಸಾರ್” ಅಂತಷ್ಟೇ ಹೇಳುತ್ತಾರೆ. ತಮಾಷೆಗೆ ಹೆಸರಿಡುವಾಗ ಮಾತ್ರ ಸರಿಯಾಗಿ ಹೇಳಿರುತ್ತಾರೆ.

ಈ ಹೆಸರು ಬದಲಾಯಿಸಿದರೆ ಏನಾದರೂ ಕೆಡುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಏನೂ ಕೆಡುವುದಿಲ್ಲ. ಐಕಾನ್ ಮೇಲೆ ಒಂದು ಕ್ಲಿಕ್, ಎಫ್2 ಕೀ, ಬೇಕಾದ ಹೆಸರು, ಎಂಟರ್. ಮುಗೀತು. ವಿಂಡೋಸ್ ತನ್ನ ಮುಖ್ಯ ಐಕಾನ್‌ಗಳನ್ನು ಹೆಸರಿನಿಂದ ಗುರುತಿಸುವುದೇ ಇಲ್ಲ. 20ಡಿ04ಎಫ್‌ಇ0 ಅಂತ ಶುರುವಾಗುವ 32 ಅಂಕಿ-ಅಕ್ಷರಗಳ ಒಂದು ಗುರುತು ಇದೆ; ಅದೇ ‘ದಿಸ್ ಪಿಸಿ’, ಅಂದರೆ ನಮ್ಮ ಹಳೇ ‘ಮೈ ಕಂಪ್ಯೂಟರ್’. ರೀಸೈಕಲ್ ಬಿನ್‌ಗೆ ಇನ್ನೊಂದು. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತ ಕರೆದರೂ ರೇಷನ್ ಕಾರ್ಡಿನಲ್ಲಿ ಬೇರೆ ಹೆಸರು ಇರುತ್ತದಲ್ಲ, ಹಾಗೆ. ನೀವಿಟ್ಟ ಹೆಸರು ನಿಮ್ಮ ಯೂಸರ್ ಅಕೌಂಟಿಗೆ ಮಾತ್ರ ಸೇರಿದ್ದು. ಅದೇ ಮೆಷೀನಿನಲ್ಲಿ ಬೇರೆಯವರು ಅವರ ಅಕೌಂಟಿನಿಂದ ಲಾಗಿನ್ ಆದರೆ ಅವರಿಗೆ ಹಳೇ ಹೆಸರೇ ಕಾಣುತ್ತದೆ. ಸಾಹೇಬರ ಬಗ್ಗೆ ಏನಾದರೂ ಬರೆಯುವವರು ಇದನ್ನು ನೆನಪಿಟ್ಟುಕೊಳ್ಳಿ. ಇಡೀ ಕಚೇರಿಗೆ ಒಂದೇ ಲಾಗಿನ್ ಇದ್ದರೆ ಮಾತ್ರ ನಾನು ಜವಾಬ್ದಾರನಲ್ಲ.

‘ಮೈ ಕಂಪ್ಯೂಟರ್’ ಬಂದದ್ದು ವಿಂಡೋಸ್ 95 ಜೊತೆ, 1995ರ ಆಗಸ್ಟ್‌ನಲ್ಲಿ. ನಾನು ಟ್ರೇನಿಂಗ್ ಸೆಂಟರಿನಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸಾರ್, ಮೈ ಕಂಪ್ಯೂಟರ್ ಅಂದ್ರೆ ಈ ಡಬ್ಬಾನಾ?” ಕಂಪ್ಯೂಟರಿನ ‘ಮೈ’ ಯಾವುದು ಅಂತ ಅವನ ಪ್ರಶ್ನೆ. ಕ್ಲಾಸು ಗೊಳ್ಳೆಂದು ನಕ್ಕಿತು. ಆದರೆ ಯೋಚಿಸಿ ನೋಡಿ, ಆ ಐಕಾನ್ ಒಳಗೆ ಇರುವುದು ಸಿ ಡ್ರೈವ್, ಡಿ ಡ್ರೈವ್, ಸಿಡಿ ಡ್ರೈವ್. ಅಂದರೆ ಡಬ್ಬದೊಳಗಿನ ಸಾಮಾನುಗಳೇ. ನನ್ನ ಸಿಲಬಸ್ಸಿನಲ್ಲಿದ್ದ ವಿವರಣೆಗಿಂತ ಅವನ ಅರ್ಥ ಹತ್ತಿರ ಇತ್ತು. ಮುಂದಿನ ಬ್ಯಾಚ್‌ಗಳಿಗೆ ನಾನೂ ಹಾಗೇ ಹೇಳಿಕೊಟ್ಟೆ.

ಫೋನಿನಲ್ಲಿ ಇನ್ನೊಂದು ಥರದ ಫಜೀತಿ. “ಮೈ ಕಂಪ್ಯೂಟರ್ ಮೇಲೆ ಡಬಲ್ ಕ್ಲಿಕ್ ಮಾಡಿ” ಅನ್ನುತ್ತಿದ್ದೆ. “ನಿಮ್ಮ ಕಂಪ್ಯೂಟರ್ ನಿಮ್ಮ ಹತ್ರ ಇದೆಯಲ್ಲ ಸಾರ್, ನಾನು ಹೇಗೆ ಮಾಡ್ಲಿ?” ಅನ್ನುತ್ತಿದ್ದರು. ಇದು ಹಳೇ ಜೋಕು ಅಂತ ನೀವು ಅಂದುಕೊಳ್ಳಬಹುದು. ನನಗೆ ವಾರಕ್ಕೊಮ್ಮೆ ಆಗುತ್ತಿತ್ತು.

‘ನನ್ನ’ ಅನ್ನುವ ಆ ಒಂದು ಪದವೇ ಅರ್ಧ ತಮಾಷೆಗಳಿಗೆ ಕಾರಣ. ಹಾಸ್ಟೆಲ್‌ನಲ್ಲಿ ‘ನಿಂದಲ್ಲ’ ಅಂತ ಹೆಸರು. ಒಂದು ಮನೆಯಲ್ಲಿ ‘ಅಪ್ಪಂದು, ಮುಟ್ಬೇಡ’. ಸೊಸೈಟಿಯೊಂದರಲ್ಲಿ ‘ಎಲ್ರುದ್ದೂ’. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಕಂಪನಿ ಆ ‘ಮೈ’ ಕಿತ್ತು ಹಾಕಿ ಬರೀ ‘ಕಂಪ್ಯೂಟರ್’ ಅಂತ ಮಾಡಿತು. “ಇಷ್ಟು ದಿನ ನಂದು ಅಂತಿತ್ತು ಸಾರ್, ಈಗ ಯಾರದ್ದು? ಇಎಂಐ ಕಟ್ಟಿಲ್ಲ ಅಂತ ಕಿತ್ಕೊಂಡ್ರಾ?” ಅಂದಿದ್ದರು ಒಬ್ಬ ಅಂಗಡಿ ಮಾಲೀಕರು. 2013ರ ಅಕ್ಟೋಬರಿನಲ್ಲಿ ವಿಂಡೋಸ್ 8.1 ಬಂತು, ಹೆಸರು ‘ದಿಸ್ ಪಿಸಿ’ ಆಯಿತು. ಇವತ್ತಿಗೂ ಅದೇ. ಅಕ್ಕಪಕ್ಕ ಎರಡು ಕಂಪ್ಯೂಟರ್ ಇದ್ದ ಒಂದು ಡಿಟಿಪಿ ಸೆಂಟರಿನ ಹುಡುಗ ಒಂದಕ್ಕೆ ‘ಈ ಪಿಸಿ’, ಇನ್ನೊಂದಕ್ಕೆ ‘ಆ ಪಿಸಿ’ ಅಂತ ಇಟ್ಟಿದ್ದ. ತಮಾಷೆಗೇ ಮಾಡಿದ್ದು. ಆದರೆ ಫೋನಿನಲ್ಲಿ “ಆ ಪಿಸಿಲಿ ತೊಂದ್ರೆ ಸಾರ್” ಅಂದರೆ ಯಾವುದು ಅಂತ ನನಗೆ ಥಟ್ಟನೆ ಗೊತ್ತಾಗುತ್ತಿತ್ತು.

ನಿಜ ಹೇಳಬೇಕೆಂದರೆ ನಮಗೆ ಜಾಸ್ತಿ ಕಾಟ ಕೊಟ್ಟದ್ದು ಬಳಕೆದಾರರ ತಮಾಷೆ ಅಲ್ಲ, ಕಂಪನಿಯವರ ಗಂಭೀರ ನಾಮಕರಣ. ವಿಂಡೋಸ್ 95ರಲ್ಲಿ ‘ನೆಟ್‌ವರ್ಕ್ ನೇಬರ್‌ಹುಡ್’ ಅಂತ ಚೆಂದದ ಹೆಸರಿತ್ತು. ವಠಾರ ಅಂತ ಹೇಳಿದರೆ ಎಲ್ಲರಿಗೂ ಅರ್ಥ ಆಗುತ್ತಿತ್ತು: ಎಲ್ಲರಿಗೂ ಒಂದೇ ನಲ್ಲಿ, ಒಂದೇ ಪ್ರಿಂಟರ್. ವಿಂಡೋಸ್ 2000ಕ್ಕೆ ಅದು ‘ಮೈ ನೆಟ್‌ವರ್ಕ್ ಪ್ಲೇಸಸ್’ ಆಯಿತು, ವಿಸ್ಟಾದಲ್ಲಿ ಬರೀ ‘ನೆಟ್‌ವರ್ಕ್’. ಪ್ರತಿ ಸಲ ನಾನು ಗ್ರಾಹಕರಿಗೆ ಕೊಟ್ಟಿದ್ದ ಕನ್ನಡ ಚೀಟಿ ದಂಡ. ಕೊನೆಗೆ ಹೆಸರು ಹೇಳುವುದನ್ನೇ ಬಿಟ್ಟೆ. “ವಿಂಡೋಸ್ ಕೀ ಹಿಡಿದು ಇ ಒತ್ತಿ” ಅಂತ ಬರೆದುಕೊಟ್ಟೆ. ವಿಂಡೋಸ್ 95ರಿಂದ ಇವತ್ತಿನ 11ರವರೆಗೂ ಅದು ಫೈಲ್‌ಗಳ ಕಿಟಕಿ ತೆರೆಯುತ್ತದೆ. ಐಕಾನ್ ಹೆಸರು ‘ನಾಳೆ ಬಾ’ ಇದ್ದರೂ ಅಡ್ಡಿ ಇಲ್ಲ.

ಈಗ ರೀಸೈಕಲ್ ಬಿನ್, ಅಂದರೆ ಡಿಲೀಟ್ ಮಾಡಿದ ಫೈಲುಗಳು ಹೋಗಿ ಕೂರುವ ಜಾಗದ ವಿಷಯ. ಜನರ ಕೈ ಜಾಸ್ತಿ ಓಡುವುದು ಇಲ್ಲೇ. ಆಪಲ್‌ನವರು 1984ರ ಮ್ಯಾಕಿಂತೋಷ್‌ನಲ್ಲಿ ‘ಟ್ರ್ಯಾಶ್’ ಇಟ್ಟಿದ್ದರು. ಅಲ್ಲಿ ಭಾಷೆಯನ್ನು ಬ್ರಿಟಿಷ್ ಇಂಗ್ಲಿಷಿಗೆ ಬದಲಿಸಿದರೆ ಈಗಲೂ ಅದು ‘ಬಿನ್’ ಆಗುತ್ತದೆ. ಕಸಕ್ಕೂ ದೇಶಕ್ಕೊಂದು ಹೆಸರು. ತೆರೆಯ ಮೇಲಿನ ಇಂಥ ಚಿತ್ರ, ಕಿಟಕಿ ಎಲ್ಲ ಯಾರ ಸೊತ್ತು ಅಂತ ಆಪಲ್ 1988ರಲ್ಲಿ ಮೈಕ್ರೋಸಾಫ್ಟ್ ಮತ್ತು ಎಚ್‌ಪಿ ಮೇಲೆ ಕೋರ್ಟಿಗೂ ಹೋಗಿತ್ತು, ಸೋತಿತು. ವಿಂಡೋಸ್ 95ರಲ್ಲಿ ಮೈಕ್ರೋಸಾಫ್ಟ್ ಇಟ್ಟ ಹೆಸರು ‘ರೀಸೈಕಲ್ ಬಿನ್’.

ನಮ್ಮ ಕಡೆ ಇದನ್ನು ಕಸದ ಬುಟ್ಟಿ ಅಂತ ಹೇಳಿಕೊಡುತ್ತಾರೆ. ಹಳ್ಳಿಯಿಂದ ಬಂದ ಒಬ್ಬ ಗುಮಾಸ್ತರು ‘ತಿಪ್ಪೆ’ ಅಂತ ಹೆಸರಿಟ್ಟಿದ್ದರು. ಆಫೀಸಿನವರೆಲ್ಲ ನಗುತ್ತಿದ್ದರು. ನನಗೆ ಮಾತ್ರ ಅದು ಎಲ್ಲಕ್ಕಿಂತ ಒಳ್ಳೆಯ ಅನುವಾದ ಅನ್ನಿಸಿತು. ಕಸದ ಬುಟ್ಟಿಗೆ ಹಾಕಿದ್ದು ಹೋಯಿತು ಅಂತಲೇ ಲೆಕ್ಕ. ತಿಪ್ಪೆಗೆ ಹಾಕಿದ್ದು ಗೊಬ್ಬರವಾಗಿ ಮತ್ತೆ ಹೊಲಕ್ಕೆ ಬರುತ್ತದೆ. ಬೇಕಾದಾಗ ಕೆದಕಬಹುದು ಕೂಡ. ರೀಸೈಕಲ್ ಅಂದರೆ ಇನ್ನೇನು? 2012ರಲ್ಲಿ ಬೆಂಗಳೂರಿನ ಕಸದ ಗಲಾಟೆ ಜೋರಾಗಿದ್ದಾಗ ಅಲ್ಲಿನ ಒಂದು ಆಫೀಸಿನಲ್ಲಿ ‘ಮಂಡೂರು’ ಅಂತ ನೋಡಿದ್ದೆ, ನಗರದ ಕಸ ತಂದು ಸುರಿಯುತ್ತಿದ್ದ ಊರಿನ ಹೆಸರು. ಪಕ್ಕದ ಮೆಷೀನಿನಲ್ಲಿ ‘ಮಂಡೂರು, ಜಾಗ ಇಲ್ಲ’. ಊರವರ ಕಷ್ಟ ಗೊತ್ತಿದ್ದವರಿಗೆ ನಗು ಸ್ವಲ್ಪ ಕಹಿಯಾಗಿಯೇ ಬರುತ್ತಿತ್ತು.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬಿನ್‌ಗೆ ಹೆಸರಿಡುವುದು ಅಷ್ಟು ಸುಲಭ ಇರಲಿಲ್ಲ. ರೀಸೈಕಲ್ ಬಿನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ರೀನೇಮ್’ ಬರುತ್ತಿರಲಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಅಂಕಿ ತಿದ್ದಬೇಕಿತ್ತು. ಸೈಬರ್ ಕೆಫೆ ಹುಡುಗರಿಗೆ ಅದು ಬಾಯಿಪಾಠ. ವಿಸ್ಟಾದಿಂದ ಈಚೆಗೆ ಎಲ್ಲರಿಗೂ ಸಲೀಸು. ಆ ಸಲೀಸಿನಿಂದಲೇ ನಾನು ಒಮ್ಮೆ ಸಿಕ್ಕಿಬಿದ್ದೆ.

ಒಂದು ಆಫೀಸಿನಲ್ಲಿ ಯಾರೋ ಸುಮ್ನೆ ರೀಸೈಕಲ್ ಬಿನ್‌ಗೆ ‘ರೆಕಾರ್ಡ್ ರೂಮ್’ ಅಂತ ಹೆಸರಿಟ್ಟಿದ್ದರು. ಅವರ ರೆಕಾರ್ಡ್ ರೂಮಿನ ಸ್ಥಿತಿ ನೋಡಿದವರಿಗೆ ಒಳ್ಳೇ ಜೋಕು. ಕೆಲವು ತಿಂಗಳ ಮೇಲೆ ಹೊಸದಾಗಿ ಸೇರಿದ ಹುಡುಗಿಗೆ ಆ ಜೋಕು ಗೊತ್ತಿಲ್ಲ. ಮುಗಿದ ಫೈಲುಗಳನ್ನೆಲ್ಲ ಶ್ರದ್ಧೆಯಿಂದ ಅಲ್ಲಿಗೆ ಎಳೆದು ಹಾಕಿದ್ದಾಳೆ. ನಾನು ಹೋದೆ, ಡಿಸ್ಕ್ ತುಂಬಿದೆ ಅಂದರು, ಡಿಸ್ಕ್ ಕ್ಲೀನಪ್ ಹಾಕಿದೆ. ರೆಕಾರ್ಡ್ ರೂಮ್ ಖಾಲಿ.

ಇಲ್ಲಿ ಒಂದು ವಿಷಯ ಹೇಳಬೇಕು. ಹೆಸರು ಬದಲಿಸುವುದರಲ್ಲಿ ವಿಂಡೋಸ್ ನಮಗಿಂತ ಮುಂದು. ನೀವು ಒಂದು ಫೈಲ್ ಡಿಲೀಟ್ ಮಾಡಿದಾಗ ಅದು ಬಿನ್‌ನಲ್ಲಿ ಹಳೇ ಹೆಸರಿನಿಂದಲೇ ಕಾಣುತ್ತದೆ. ಆದರೆ ಡಿಸ್ಕಿನಲ್ಲಿ ಅದರ ಹೆಸರು ಬದಲಾಗಿರುತ್ತದೆ: ಡಾಲರ್ ಗುರುತು, ಆರ್ ಅಕ್ಷರ, ಆಮೇಲೆ ಅರ್ಥವಿಲ್ಲದ ಆರು ಅಕ್ಷರ. ಅದಕ್ಕೆ ಜೋಡಿಯಾಗಿ ಡಾಲರ್ ಐ ಅಂತ ಶುರುವಾಗುವ ಇನ್ನೊಂದು ಚಿಕ್ಕ ಫೈಲ್. ಮೊದಲು ಎಲ್ಲಿತ್ತು, ಹೆಸರೇನು, ಎಷ್ಟು ದೊಡ್ಡದು, ಯಾವಾಗ ಡಿಲೀಟ್ ಆಯಿತು ಅನ್ನುವುದು ಅದರಲ್ಲಿ. ‘ರೀಸ್ಟೋರ್’ ಒತ್ತಿದಾಗ ಫೈಲ್ ತನ್ನ ಜಾಗಕ್ಕೆ ವಾಪಸ್ ಹೋಗುವುದು ಈ ಚೀಟಿಯಿಂದ. ರಿಕವರಿ ಸಾಫ್ಟ್‌ವೇರ್ ಹಾಕಿ ನಾನು ಫೈಲುಗಳನ್ನು ಹೆಚ್ಚುಕಮ್ಮಿ ತೆಗೆದೆ. ಆದರೆ ಚೀಟಿಗಳು ಸಿಗಲಿಲ್ಲ. ಎಲ್ಲವೂ ಆ ಡಾಲರ್ ಹೆಸರಿನಲ್ಲೇ ಬಂದವು. ಆ ಹುಡುಗಿ, ನಾನು ಇಬ್ಬರೂ ಕೂತು ಒಂದೊಂದೇ ಫೈಲ್ ತೆರೆದು, ಓದಿ, ಹೆಸರಿಟ್ಟೆವು. ಎರಡು ದಿನ ಹಿಡಿಯಿತು. ಹೆಸರಿಟ್ಟ ಮಹಾನುಭಾವ ಯಾರು ಅಂತ ಕೊನೆಗೂ ಯಾರೂ ಬಾಯಿ ಬಿಡಲಿಲ್ಲ.

ಅವತ್ತಿನಿಂದ ನಾನು ಯಾವ ಮೆಷೀನಿನಲ್ಲೂ ಬಿನ್ ತೆರೆದು ನೋಡದೆ ಖಾಲಿ ಮಾಡುವುದಿಲ್ಲ. ತಮಾಷೆಯ ಹೆಸರನ್ನು ಅಳಿಸುವುದೂ ಇಲ್ಲ. ‘ತಿಪ್ಪೆ’ ಇರಲಿ, ‘ಮಂಡೂರು’ ಇರಲಿ, ಎರಡೂ ಕಸ ಅಂತಲೇ ಹೇಳುತ್ತವೆ. ಕಸಕ್ಕೆ ಕಪಾಟಿನ ಹೆಸರಿಟ್ಟಾಗ ಮಾತ್ರ ಬಾಯಿ ಬಿಟ್ಟು ಹೇಳುತ್ತೇನೆ, ಬದಲಿಸಿ ಅಂತ.

ಇನ್ನೊಂದು ಕಡೆ ಎಚ್ಚರ ಬೇಕು. ಡೆಸ್ಕ್‌ಟಾಪ್ ಮೇಲೆ ಮೂಲೆಯಲ್ಲಿ ಚಿಕ್ಕ ಬಾಣ ಇರುವ ಐಕಾನ್ ಬರೀ ಶಾರ್ಟ್‌ಕಟ್. ಅದಕ್ಕೆ ಏನು ಬೇಕಾದರೂ ಹೆಸರಿಡಿ. ಬಾಣ ಇಲ್ಲದ ಫೋಲ್ಡರ್ ನಿಜವಾದ ಫೋಲ್ಡರ್. ಅಕೌಂಟ್ಸ್ ಸಾಫ್ಟ್‌ವೇರ್ ತನ್ನ ಡೇಟಾವನ್ನು ಅಲ್ಲೇ ಹುಡುಕುತ್ತಿದ್ದರೆ, ಮಾರ್ಚ್ ತಿಂಗಳ ಬೇಜಾರಿನಲ್ಲಿ ನೀವು ಅದಕ್ಕೆ ‘ತಲೆನೋವು’ ಅಂತ ಹೆಸರಿಟ್ಟರೆ, ಮರುದಿನ ನಿಜವಾಗಿಯೂ ತಲೆನೋವು. ಹಾಗೆಯೇ ‘ದಿಸ್ ಪಿಸಿ’ ಐಕಾನ್ ಹೆಸರು ಬದಲಿಸಿದರೆ ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ಹೆಸರು ಬದಲಾಗುವುದಿಲ್ಲ. ಅದು ಬೇರೆ, ಸೆಟ್ಟಿಂಗ್ಸ್‌ನಲ್ಲಿ ಮಾಡಬೇಕು.

ಎಲ್ಲ ಹೆಸರನ್ನೂ ಇಡಲು ವಿಂಡೋಸ್ ಬಿಡುವುದೂ ಇಲ್ಲ. ‘ಸಿಒಎನ್’ ಅಂತ ಇಂಗ್ಲಿಷಿನಲ್ಲಿ ಫೋಲ್ಡರ್ ಮಾಡಲು ಆಗುವುದಿಲ್ಲ, ಇದನ್ನು ಒಬ್ಬ ಭಾರತೀಯ ಕಂಡುಹಿಡಿದ, ಬಿಲ್ ಗೇಟ್ಸ್‌ಗೂ ಉತ್ತರ ಗೊತ್ತಿಲ್ಲ ಅಂತ ಒಂದು ಫಾರ್ವರ್ಡ್ ಮೇಲ್ ಓಡಾಡುತ್ತಿತ್ತು, ನೆನಪಿದೆಯಾ? ನಮ್ಮ ಹುಡುಗರು ಎದೆಯುಬ್ಬಿಸಿ ಓದುತ್ತಿದ್ದರು. ಉತ್ತರ, ವಿಂಡೋಸ್‌ಗಿಂತ ಹಿಂದಿನ ಡಾಸ್ ಗೊತ್ತಿದ್ದ ಎಲ್ಲರಿಗೂ ಗೊತ್ತಿತ್ತು. ಅದು ‘ಕನ್ಸೋಲ್’ ಅಂದರೆ ಕೀಬೋರ್ಡ್ ಮತ್ತು ತೆರೆಗೆ ಮೀಸಲಿಟ್ಟ ಹೆಸರು. ಪ್ರಿಂಟರಿಗೆ ‘ಪಿಆರ್‌ಎನ್’, ಏನೂ ಇಲ್ಲದ್ದಕ್ಕೆ ‘ಎನ್‌ಯುಎಲ್’. ಡಾಸ್‌ನಲ್ಲಿ ಪ್ರೋಗ್ರಾಂಗಳು ಫೈಲಿಗೆ ಬರೆದ ಹಾಗೆಯೇ ಈ ಹೆಸರುಗಳಿಗೆ ಬರೆದರೆ ಅದು ಸೀದಾ ಪ್ರಿಂಟರಿಗೋ ತೆರೆಗೋ ಹೋಗುತ್ತಿತ್ತು. ಆ ಹಳೇ ಪ್ರೋಗ್ರಾಂಗಳು ಕೆಡದಿರಲಿ ಅಂತ ವಿಂಡೋಸ್ ಆ ಹೆಸರುಗಳನ್ನು ಕಾಯ್ದುಕೊಂಡು ಬಂತು.

ಕನ್ನಡದಲ್ಲಿ ಹೆಸರಿಡುವುದಕ್ಕೂ ಒಂದು ಕಾಲ ಬೇಕಾಯಿತು. ಮೊದಮೊದಲು ಜನ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಐಕಾನ್‌ಗೆ ಹೆಸರಿಡುತ್ತಿದ್ದರು. ಎಂಟರ್ ಒತ್ತಿದರೆ ಕಾಣುತ್ತಿದ್ದದ್ದು ಪೌಂಡ್ ಗುರುತು, ತಲೆ ಮೇಲೆ ಗೀಟು ಇರುವ ಎ, ಏನೇನೋ. “ವೈರಸ್ ಬಂದಿದೆ” ಅಂತ ಫೋನ್ ಬರುತ್ತಿತ್ತು. ಹಳೇ ನುಡಿಯ ಅಕ್ಷರಗಳು ಕೂತಿದ್ದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ನುಡಿ ಫಾಂಟ್ ಆರಿಸಿಕೊಂಡ ಕಡೆ ಕನ್ನಡ, ಬೇರೆ ಕಡೆ ಕಲಸುಮೇಲೋಗರ. ಡೆಸ್ಕ್‌ಟಾಪ್‌ಗೆ ಅದರದೇ ಫಾಂಟ್. 2001ರ ಎಕ್ಸ್‌ಪಿಯಲ್ಲಿ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಜಾಗ ಕೊಡುವ ಯೂನಿಕೋಡ್ ಕನ್ನಡ ಬಂತು, ‘ತುಂಗಾ’ ಫಾಂಟ್ ಜೊತೆಗೆ. ಆದರೆ ಸಿಡಿ ಹಾಕಿ ಅದನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕಿತ್ತು. ‘ತಿಪ್ಪೆ’ಯಲ್ಲಿ ಪ ಕೆಳಗೆ ಒತ್ತು ಸರಿಯಾಗಿ ಕೂತಿದ್ದನ್ನು ಮೊದಲ ಸಲ ನೋಡಿದ ಗುಮಾಸ್ತರ ಮುಖ ನನಗೆ ಇನ್ನೂ ನೆನಪಿದೆ.

ಆ ‘ನಾಳೆ ಬಾ’ ಮೆಷೀನಿಗೆ ಕೊನೆಗೂ ಎಸ್‌ಎಸ್‌ಡಿ, ಅಂದರೆ ತಿರುಗದೆ ಓಡುವ ವೇಗದ ಡಿಸ್ಕ್, ಮಂಜೂರಾಯಿತು. ಹಳೇ ಡಿಸ್ಕನ್ನು ಹಾಗೇ ಕ್ಲೋನ್ ಮಾಡಿ ಹಾಕಿದೆ. ಈಗ ಅರ್ಧ ನಿಮಿಷದೊಳಗೆ ಡೆಸ್ಕ್‌ಟಾಪ್ ಬರುತ್ತದೆ. ಕ್ಲೋನ್ ಆದ್ದರಿಂದ ಹೆಸರೂ ಹಾಗೇ ಬಂದಿತ್ತು.

“ಈಗ ತೆಗೆದುಬಿಡ್ಲಾ ಮೇಡಂ ಈ ಹೆಸರನ್ನ?” ಅಂದೆ.

“ಇರ್ಲಿ ಬಿಡಿ ಸಾರ್” ಅಂದರು ಮೇಡಂ. “ಸರ್ವರ್ ಇನ್ನೂ ಹಾಗೇ ಇದೆಯಲ್ಲ.”