ತೊಟ್ಟಿಯೂ ಬೇಕು, ದೂರದರ್ಶಕವೂ ಬೇಕು: ಕಾಸ್ಮಿಕ್ ಕಿರಣದ ಶಕ್ತಿ ಅಳೆಯುವ ಬಗೆ

10²⁰ ಎಲೆಕ್ಟ್ರಾನ್‌ವೋಲ್ಟ್ (ಕಣದ ಶಕ್ತಿ ಅಳೆಯುವ ಮಾನ) ದಾಟಿದ ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಬರುವ ಅತಿವೇಗದ ಕಣಗಳು, ತೀರಾ ಅಪರೂಪ. ಒಂದು ಚದರ ಕಿಲೋಮೀಟರಿಗೆ ನೂರು ವರ್ಷದಲ್ಲಿ ಒಂದು ಬಿದ್ದರೆ ಹೆಚ್ಚು. ಸಣ್ಣ ಉಪಕರಣ ಇಟ್ಟುಕೊಂಡು ಕಾಯುವುದರಲ್ಲಿ ಅರ್ಥವಿಲ್ಲ ಅಲ್ವಾ? ಅದಕ್ಕೇ ಅರ್ಜೆಂಟೀನಾದ ಮಲಾರ್ಗ್ವೆ ಊರಿನ ಹತ್ತಿರ ಪಿಯರ್ ಓಜೆ ವೀಕ್ಷಣಾಲಯವನ್ನು ಸುಮಾರು 3,000 ಚದರ ಕಿಲೋಮೀಟರ್ ಬಯಲಿನಲ್ಲಿ ಹರಡಿದ್ದಾರೆ.

ಬಂದ ಕಣ ನೇರವಾಗಿ ನೆಲಕ್ಕೆ ಸಿಗುವುದಿಲ್ಲ. ಮೇಲೆ ಗಾಳಿಯ ಪರಮಾಣುವಿಗೆ ಡಿಕ್ಕಿ ಹೊಡೆದು ಒಡೆಯುತ್ತದೆ. ಚೂರುಗಳು ಮತ್ತೆ ಡಿಕ್ಕಿ ಹೊಡೆಯುತ್ತವೆ. ಕೊನೆಗೆ ಕೋಟಿಗಟ್ಟಲೆ ಕಣಗಳು ಕಿಲೋಮೀಟರುಗಟ್ಟಲೆ ಅಗಲಕ್ಕೆ ಸುರಿಯುತ್ತವೆ. ನಮಗೆ ಸಿಗುವುದು ಈ ಸುರಿಮಳೆ ಮಾತ್ರ.

ಅದನ್ನು ಹಿಡಿಯಲು 1,600ಕ್ಕೂ ಹೆಚ್ಚು ಪ್ಲಾಸ್ಟಿಕ್ ತೊಟ್ಟಿಗಳಿವೆ. ಒಂದರಿಂದ ಇನ್ನೊಂದಕ್ಕೆ 1.5 ಕಿಲೋಮೀಟರ್. ಒಂದೊಂದರಲ್ಲೂ 12,000 ಲೀಟರ್ ಶುದ್ಧ ನೀರು, ಒಳಗೆ ಪೂರ್ತಿ ಕತ್ತಲು. ನೀರಿನಲ್ಲಿ ಬೆಳಕು ಹೋಗುವ ವೇಗವನ್ನೂ ಮೀರಿ ಮ್ಯೂಆನ್ (ಸುರಿಮಳೆಯಲ್ಲಿರುವ, ಎಲೆಕ್ಟ್ರಾನಿನಂಥದ್ದೇ ಆದರೆ ಭಾರವಾದ ಕಣ) ನುಗ್ಗಿದರೆ ನೀಲಿ ಬೆಳಕು ಮಿಂಚುತ್ತದೆ. ಇದೇ ಚೆರೆಂಕೋವ್ ಬೆಳಕು. ಮೇಲಿನಿಂದ ನೀರನ್ನೇ ನೋಡುತ್ತಿರುವ, ಅತಿ ಮಂದ ಬೆಳಕನ್ನೂ ಹಿಡಿಯುವ ಮೂರು ಫೋಟೋಮಲ್ಟಿಪ್ಲೈಯರ್‌ಗಳು ಅದನ್ನು ದಾಖಲಿಸುತ್ತವೆ. ಯಾವ ತೊಟ್ಟಿ ಯಾವಾಗ ಮಿಂಚಿತು ಎಂಬುದನ್ನು ಜಿಪಿಎಸ್ ಸಮಯದಿಂದ ಹೋಲಿಸಿದರೆ ಕಿರಣ ಬಂದ ದಿಕ್ಕು ಸಿಗುತ್ತದೆ.

ಶಕ್ತಿ ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ತೊಟ್ಟಿಗೆ ಕಾಣುವುದು ಸುರಿಮಳೆಯ ಕೊನೆಯ ಭಾಗ. ಅದರಿಂದ ಮೂಲ ಶಕ್ತಿ ಲೆಕ್ಕ ಹಾಕಲು ಕಂಪ್ಯೂಟರ್ ಮಾದರಿ ನಂಬಬೇಕು. ಆದರೆ ಆ ಮಟ್ಟದ ಡಿಕ್ಕಿಯನ್ನು ಯಾವ ಪ್ರಯೋಗಾಲಯದಲ್ಲೂ ಮಾಡಿ ನೋಡಿಲ್ಲ.

ದೂರದರ್ಶಕ ಬೇಕಾಗುವುದು ಇದಕ್ಕೇ. ಸುರಿಮಳೆ ಹಾದುಹೋದಾಗ ಗಾಳಿಯ ನೈಟ್ರೋಜನ್ ಅತಿನೇರಳೆ ಬೆಳಕು ಸೂಸುತ್ತದೆ. ಗಾಳಿಗೆ ಶಕ್ತಿ ಇಳಿದಷ್ಟೂ ಬೆಳಕು ಜಾಸ್ತಿ. ಬಯಲಿನ ಅಂಚಿನ ನಾಲ್ಕು ಕಡೆಗಳಿಂದ ದೂರದರ್ಶಕಗಳು ಈ ಬೆಳಕನ್ನು ಅಳೆಯುತ್ತವೆ. ತೊಂದರೆ ಏನೆಂದರೆ, ಚಂದ್ರನಿಲ್ಲದ, ಮೋಡವಿಲ್ಲದ ರಾತ್ರಿ ಬೇಕು. ಒಟ್ಟು ಸಮಯದಲ್ಲಿ ಅಂಥದ್ದು ಸುಮಾರು ಶೇ. 15 ಮಾತ್ರ.

ಹಾಗಾಗಿ ಎರಡಕ್ಕೂ ಸಿಕ್ಕ ಸುರಿಮಳೆಗಳನ್ನು ಬೇರೆ ತೆಗೆಯುತ್ತಾರೆ. ಸುರಿಮಳೆಯ ನಡುಬಿಂದುವಿನಿಂದ 1,000 ಮೀಟರ್ ದೂರದಲ್ಲಿ ತೊಟ್ಟಿಯ ಸಂಕೇತ ಎಷ್ಟು, ದೂರದರ್ಶಕ ಹೇಳಿದ ಶಕ್ತಿ ಎಷ್ಟು ಎಂದು ತಾಳೆ ನೋಡುತ್ತಾರೆ. ಆ ಅಳತೆಗೋಲು ಸಿಕ್ಕಮೇಲೆ ತೊಟ್ಟಿಗಳಿಗೆ ಮಾತ್ರ ಸಿಕ್ಕ ಉಳಿದೆಲ್ಲ ಸುರಿಮಳೆಗೂ ಅದನ್ನೇ ಬಳಸುತ್ತಾರೆ. ನನಗಂತೂ ಇಡೀ ಪ್ರಯೋಗದಲ್ಲಿ ಅತಿ ಚೆಂದದ ಭಾಗ ಇದೇ.

ಇದರ ಫಲ ದೊಡ್ಡದು. 8×10¹⁸ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಮೇಲಿನ ಕಿರಣಗಳು ಆಕಾಶದ ಒಂದು ಕಡೆಯಿಂದ ತುಸು ಜಾಸ್ತಿ ಬರುತ್ತವೆ, ಆ ಕಡೆ ನಮ್ಮ ಗ್ಯಾಲಕ್ಸಿಯ ನಡುಭಾಗದಿಂದ ದೂರವಿದೆ ಎಂದು 2017ರಲ್ಲಿ ಪ್ರಕಟವಾಯಿತು. ಅಂದರೆ ಅವು ಹೊರಗಿನ ಗ್ಯಾಲಕ್ಸಿಗಳಿಂದ ಬಂದವು.

ಬಂದದ್ದು ಪ್ರೋಟಾನೋ, ಕಬ್ಬಿಣದಂಥ ಭಾರದ ನ್ಯೂಕ್ಲಿಯಸ್ಸೋ ಎಂಬ ಪ್ರಶ್ನೆಗೂ ಬಹುಕಾಲ ದೂರದರ್ಶಕವೇ ಮುಖ್ಯ ಆಧಾರವಾಗಿತ್ತು. ಭಾರದ್ದಾದರೆ ಸುರಿಮಳೆ ಗಾಳಿಯಲ್ಲಿ ಇನ್ನೂ ಮೇಲೆಯೇ ತುಂಬಿಕೊಳ್ಳುತ್ತದೆ, ಮ್ಯೂಆನ್‌ಗಳೂ ಜಾಸ್ತಿ. ಈಗ ತೊಟ್ಟಿಗಳ ಮೇಲೆ ಸಿಂಟಿಲೇಟರ್ ಹಲಗೆ (ಕಣ ಹಾದುಹೋದರೆ ಮಿನುಗುವ ಹಲಗೆ) ಕೂರಿಸಿದ್ದಾರೆ. ಹಲಗೆಯ ಸಂಕೇತವನ್ನೂ ನೀರಿನ ಸಂಕೇತವನ್ನೂ ಹೋಲಿಸಿ ಮ್ಯೂಆನ್‌ಗಳನ್ನು ಬೇರ್ಪಡಿಸಬಹುದು. ಈ ಕೆಲಸಕ್ಕೆ ಕತ್ತಲೆಯ ರಾತ್ರಿ ಕಾಯಬೇಕಿಲ್ಲ, ಹಗಲಲ್ಲೂ ನಡೆಯುತ್ತದೆ.