ಕುಡತಿನಿಯ ಬೂದಿಗುಡ್ಡ ಯಾವ ರಾಕ್ಷಸನದ್ದೂ ಅಲ್ಲ

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ಕುಡತಿನಿ ಸಿಗುತ್ತದೆ. ಈಗ ಜಾಸ್ತಿ ಜನಕ್ಕೆ ಈ ಊರು ಗೊತ್ತಿರುವುದು ಶಾಖೋತ್ಪನ್ನ ವಿದ್ಯುತ್ ಸ್ಥಾವರದಿಂದ. ನನಗೆ ಮಾತ್ರ ಕುಡತಿನಿ ಅಂದರೆ ಅಲ್ಲಿನ ಬೂದಿಗುಡ್ಡ. ಸುಮಾರು 4000 ವರ್ಷ ಹಳೆಯದು.

ಈ ಸೀಮೆಯಲ್ಲಿ ಇಂಥ ದಿಬ್ಬಗಳು ಬೇಕಾದಷ್ಟಿವೆ. ಹಂಪಿ ಹತ್ತಿರ ನಿಂಬಾಪುರದಲ್ಲಿರುವುದನ್ನು ವಾಲಿಯ ಚಿತೆಯ ಬೂದಿ ಅನ್ನುತ್ತಾರೆ. ಬೇರೆ ಕಡೆ ರಾಕ್ಷಸರ ಮೂಳೆ ಸುಟ್ಟ ಜಾಗ ಅನ್ನುತ್ತಾರೆ. ಕಥೆ ಕಥೆಯಾಗಿಯೇ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನೇ ಇತಿಹಾಸ ಅಂತ ಹಂಚುವಾಗ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ನಿಜ ಸಂಗತಿ ಇನ್ನೂ ಚೆನ್ನಾಗಿದೆ. ಅದು ಸುಟ್ಟ ಸಗಣಿ! ಹಿಂದೆ ಓದಿದವರೂ ತಪ್ಪಿದ್ದರು: ಜ್ವಾಲಾಮುಖಿ ಅಂದವರಿದ್ದಾರೆ, ಕಬ್ಬಿಣ ಕರಗಿಸಿದ ಕಿಟ್ಟ ಅಂದವರೂ ಇದ್ದಾರೆ.

ಅವರು ದಾರಿ ತಪ್ಪಿದ್ದಕ್ಕೂ ಕಾರಣವಿದೆ. ದಿಬ್ಬದಲ್ಲಿ ಪುಡಿ ಬೂದಿಯ ಜೊತೆ ಗಟ್ಟಿ ಹೆಂಟೆಗಳೂ ಸಿಗುತ್ತವೆ. ಬೂದು ಬಣ್ಣ, ಮೈ ತುಂಬ ಗುಳ್ಳೆಯ ತೂತು, ಗಾತ್ರಕ್ಕೆ ಹೋಲಿಸಿದರೆ ಹಗುರ, ಮುರಿದ ಕಡೆ ಗಾಜಿನ ಹೊಳಪು. ಸಗಣಿ ಗಾಜಾಗುವುದು ಹೇಗೆ?

ಹುಲ್ಲು ಕೀಳುವಾಗ ಗರಿಯ ಅಂಚು ಬೆರಳು ಕೊಯ್ಯುತ್ತದೆ ಅಲ್ವಾ? ಹುಲ್ಲು ನೀರಿನ ಜೊತೆ ಮಣ್ಣಿನಿಂದ ಸಿಲಿಕಾ ಹೀರಿ ಗರಿಯೊಳಗೆ ಸಣ್ಣ ಸಣ್ಣ ಗಟ್ಟಿ ಕಣ ಮಾಡಿ ಇಟ್ಟುಕೊಳ್ಳುತ್ತದೆ. ಮರಳಲ್ಲಿರುವುದೂ ಅದೇ ಸಿಲಿಕಾ. ದನ ಎಷ್ಟೇ ಮೆಲುಕು ಹಾಕಿದರೂ ಅದು ಕರಗುವುದಿಲ್ಲ, ಸಗಣಿಯಲ್ಲಿ ಹಾಗೇ ಬರುತ್ತದೆ. ಕುಳ್ಳಿನ ಬೂದಿ ಪಾತ್ರೆ ಚೆನ್ನಾಗಿ ತಿಕ್ಕುವುದೂ ಇದರಿಂದಲೇ. ಬರೀ ಸಿಲಿಕಾ ಕರಗಲು 1700 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಬೇಕು. ಆದರೆ ಬೂದಿಯಲ್ಲಿ ಪೊಟ್ಯಾಸಿಯಂ ಕ್ಷಾರವೂ ಇರುತ್ತದೆ. ಉಪ್ಪು ಹಾಕಿದ ಮಂಜುಗಡ್ಡೆ ಬೇಗ ಕರಗುವ ಹಾಗೆ, ಕ್ಷಾರ ಸೇರಿದ ಸಿಲಿಕಾ ತುಂಬ ಕಡಿಮೆ ಬಿಸಿಗೇ ಕರಗುತ್ತದೆ. ಗಾಜು ಮಾಡುವವರು ಮರಳಿಗೆ ಸೋಡಾ ಬೆರೆಸುವುದೂ ಇದಕ್ಕೇ. ಒಂದು ಕುಳ್ಳು ಸುಟ್ಟರೆ ಇದೆಲ್ಲ ಆಗದು. ಆಳೆತ್ತರದ ರಾಶಿ ಉರಿದಾಗ ಒಳಗಿನ ಬಿಸಿ ಹೊರಗೆ ಹೋಗದೆ ಕುಂಬಾರರ ಆವಿಗೆಯಂತೆ ದಿನಗಟ್ಟಲೆ ಕಾಯುತ್ತದೆ.

ಸಗಣಿ ಎಲ್ಲಿಂದ ಬಂತು ಅನ್ನುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿದ್ದು ಈಗಿನ ತೆಲಂಗಾಣದ ಉತ್ನೂರಿನಲ್ಲಿ. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಲ್ಲಿ ಅಗೆದಾಗ ಬೂದಿಯ ಕೆಳಗೆ ಬೇಲಿ ಕಂಬ ನೆಟ್ಟ ಕುಳಿಗಳು ಮತ್ತು ದನದ ಗೊರಸಿನ ಗುರುತು ಸಿಕ್ಕವು. ಅದು ದೊಡ್ಡಿ. ಆಮೇಲೆ 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ಇನ್ನೊಬ್ಬ ಪುರಾತತ್ವಜ್ಞ ಕೆ. ಪದ್ದಯ್ಯ ಅಗೆದಾಗ ದೊಡ್ಡಿಯ ಪಕ್ಕದಲ್ಲೇ ಜನ ವಾಸವಿದ್ದ ಜಾಗವೂ ಸಿಕ್ಕಿತು. ಬಳ್ಳಾರಿ ಪಕ್ಕದ ಕಪ್ಪಗಲ್ಲಿನ ಬಂಡೆಗಳ ಮೇಲಂತೂ ಕಲ್ಲಿನಿಂದ ಕುಟ್ಟಿ ಕುಟ್ಟಿ ಬಿಡಿಸಿದ ಡುಬ್ಬದ ಎತ್ತುಗಳು ಸಾಲುಸಾಲಾಗಿವೆ.

ಮತ್ತೆ ಮತ್ತೆ ಬೆಂಕಿ ಇಟ್ಟಿದ್ದು ಯಾಕೆ? ಪದರದ ಮೇಲೆ ಪದರ ಇರುವುದರಿಂದ ಇದು ಒಂದು ಸಲದ ಆಕಸ್ಮಿಕವಂತೂ ಅಲ್ಲ. ವರ್ಷದ ಗೊತ್ತಾದ ಕಾಲದಲ್ಲಿ ಬೇಕೆಂದೇ ಹಚ್ಚುತ್ತಿದ್ದ ಹಬ್ಬದ ಬೆಂಕಿ ಇರಬೇಕು ಅನ್ನುವುದು ಆಲ್ಚಿನ್ ಊಹೆ. ನನಗೂ ಅದೇ ಮನಸ್ಸಿಗೆ ಹಿಡಿಸುತ್ತದೆ. ಸಂಕ್ರಾಂತಿ ಸಂಜೆ ಹಳೆ ಮೈಸೂರು ಕಡೆಯ ಹಳ್ಳಿಗಳಲ್ಲಿ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೊತ್ತಿಸಿದ ಹುಲ್ಲಿನ ಮೇಲೆ ಇವತ್ತಿಗೂ ಕಿಚ್ಚು ಹಾಯಿಸುತ್ತಾರೆ.