ಪಾರ್ಟ್ಸ್ ಹೊಸದು, ಪೆಡಲ್ ಮಾತ್ರ ಮೆತ್ತಗೆ: ಬ್ರೇಕ್ ಕಲಿಯುವವರಿಗೆ ಟಿಪ್ಪಣಿ

ಹೊಸ ಪ್ಯಾಡ್ ಹಾಕಿದ್ದಾಯಿತು, ಹಿಂದಿನ ಲೈನರ್ ಬದಲಾಯಿಸಿದ್ದಾಯಿತು, ಆಯಿಲ್ ಲೈನಿನಲ್ಲಿ ಸಿಕ್ಕ ಏರ್ (ಗಾಳಿ) ಕೂಡ ತೆಗೆದಾಯಿತು. ಆದರೂ ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಆಗ ಹೆಚ್ಚಿನವರು ಮತ್ತೆ ಏರ್ ತೆಗೆಯಲು ಕೂರುತ್ತಾರೆ. ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗುತ್ತದೆ, ಪೆಡಲ್ ಹಾಗೇ ಇರುತ್ತದೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಕೆಲಸ ಕಲಿಯುತ್ತಿರುವವರಿಗೂ, ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಓದುತ್ತಿರುವವರಿಗೂ ನಾನು ಒತ್ತಿ ಹೇಳುವುದು ಇದು: ಸ್ಪ್ಯಾನರ್ ಹಿಡಿಯುವ ಮೊದಲು, ಪೆಡಲ್ ಯಾವ ಥರ ಮೆತ್ತಗಿದೆ ಅಂತ ಕಾಲಲ್ಲಿ ಗುರುತಿಸಿ.

ಗಾಡಿ ನಿಂತಿರಲಿ, ಇಂಜಿನ್ ಆಫ್ ಇರಲಿ. ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಟ್ಟು ಬೂಸ್ಟರ್‌ನ (ಕಾಲಿನ ಬಲ ಹೆಚ್ಚಿಸುವ ಭಾಗ) ವ್ಯಾಕ್ಯೂಮ್ ಖಾಲಿ ಮಾಡಿ. ಬೂಸ್ಟರ್ ಕೆಲಸ ಮಾಡುವಾಗ ಒಳ್ಳೆಯ ಪೆಡಲ್ ಕೂಡ ಸ್ವಲ್ಪ ಮೆತ್ತಗೆ ಅನ್ನಿಸುತ್ತದೆ, ಅದಕ್ಕೇ ಈ ಕ್ರಮ. ಈಗ ಒಂದು ಸಲ ನಿಧಾನವಾಗಿ ಒತ್ತಿ ನೋಡಿ. ಆಮೇಲೆ ಬೇಗ ಬೇಗ ಎರಡು ಮೂರು ಸಲ ಒತ್ತಿ, ಕೊನೆಯದನ್ನು ಹಿಡಿದುಕೊಳ್ಳಿ.

ಮೇಲೆ ಬಂದು ಗಟ್ಟಿಯಾದರೆ

ಮೊದಲ ಸಲ ಕೆಳಗೆ ಹೋಗಿ, ಎರಡನೇ ಸಲಕ್ಕೆ ಮೇಲೆ ಬಂದು ಕಲ್ಲಿನ ಹಾಗೆ ಗಟ್ಟಿ ನಿಂತರೆ, ಏರ್ ಅಲ್ಲ. ಎಲ್ಲೋ ಗ್ಯಾಪ್ ಜಾಸ್ತಿ ಇದೆ. ಹಿಂದೆ ಡ್ರಮ್ ಇರುವ ಗಾಡಿಯಲ್ಲಿ ಹೊಸ ಲೈನರ್ ಹಾಕಿ, ಲೈನರ್‌ಗೂ ಡ್ರಮ್‌ಗೂ ನಡುವಿನ ಗ್ಯಾಪ್ ಹೊಂದಿಸುವ ಅಡ್ಜಸ್ಟರ್ ಮುಟ್ಟದೇ ಬಿಟ್ಟರೆ ಹೀಗೇ ಆಗುತ್ತದೆ. ಲೈನರ್ ಡ್ರಮ್‌ಗೆ ತಾಗುವಷ್ಟು ಆಯಿಲ್ ಮೊದಲ ಒತ್ತಿನಲ್ಲೇ ಖರ್ಚಾಗುತ್ತದೆ. ಅದು ಪೂರ್ತಿ ವಾಪಸ್ ಬರುವ ಮೊದಲೇ ಇನ್ನೊಮ್ಮೆ ಒತ್ತಿದರೆ ಪೆಡಲ್ ಮೇಲೇ ಸಿಗುತ್ತದೆ.

ಖಚಿತ ಮಾಡಿಕೊಳ್ಳಲು ಹ್ಯಾಂಡ್‌ಬ್ರೇಕ್ ಎಳೆದು ಪೆಡಲ್ ಒತ್ತಿ. ಪೆಡಲ್ ಮೊದಲಿಗಿಂತ ಚೆನ್ನಾಗಿ ಮೇಲೆ ಬಂದರೆ ತಪ್ಪು ಹಿಂದಿನ ಡ್ರಮ್‌ನಲ್ಲೇ. ಹ್ಯಾಂಡ್‌ಬ್ರೇಕ್ ಲೈನರನ್ನು ಡ್ರಮ್ ಹತ್ತಿರ ತಂದುಬಿಟ್ಟಿದೆ, ಅಲ್ವಾ? ಚಕ್ರ ತಿರುಗಿಸಿದಾಗ ಲೈನರ್ ತುಸು ಉಜ್ಜುವಷ್ಟು ಅಡ್ಜಸ್ಟ್ ಮಾಡಿ. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡುವುದು ಇದಾದ ಮೇಲೆ. ಕೇಬಲ್ ಮೊದಲೇ ಎಳೆದಿಟ್ಟರೆ ತಾನಾಗಿ ಅಡ್ಜಸ್ಟ್ ಆಗುವ ಡ್ರಮ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ.

ಮುಂದಿನ ಡಿಸ್ಕ್‌ನಿಂದಲೂ ಈ ತೊಂದರೆ ಬರಬಹುದು. ನಮ್ಮ ಕಡೆ ಮಳೆಗಾಲದ ಕೆಸರಿಗೆ ಹಬ್ ಮುಖ ತುಕ್ಕು ಹಿಡಿದಿರುತ್ತದೆ. ಅದನ್ನು ವೈರ್ ಬ್ರಷ್‌ನಿಂದ ಕೆರೆಯದೇ ಹೊಸ ಡಿಸ್ಕ್ ಕೂರಿಸಿದರೆ ಡಿಸ್ಕ್ ವಾಲಾಡುತ್ತದೆ, ಗಾಡಿ ಓಡುವಾಗ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಪಿನ್ ಜಾಮ್ ಆಗಿದ್ದರೂ ಪೆಡಲ್ ಸರಿ ಅನ್ನಿಸುವುದಿಲ್ಲ.

ಮೇಲೆ ಬಂದರೂ ಮೆತ್ತಗೇ ಇದ್ದರೆ

ಪಂಪ್ ಮಾಡಿದಾಗ ಪೆಡಲ್ ಮೇಲೆ ಬರುತ್ತದೆ, ಆದರೆ ತುದಿಯಲ್ಲಿ ಪುಟಿಯುತ್ತದೆ. ಇದು ಏರ್. ಎಷ್ಟು ಏರ್ ಇದ್ದರೆ ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ನೋಡೋಣ. ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಬೋರ್ (ಒಳವ್ಯಾಸ) 20 ಮಿಲಿಮೀಟರ್, ಪೆಡಲ್ ಅನುಪಾತ 4ಕ್ಕೆ 1, ಅಂದರೆ ಪಿಸ್ಟನ್ 1 ಮಿಲಿಮೀಟರ್ ಚಲಿಸಲು ಪೆಡಲ್ 4 ಮಿಲಿಮೀಟರ್ ಇಳಿಯಬೇಕು ಅಂದುಕೊಳ್ಳಿ. ಜೋರಾಗಿ ಬ್ರೇಕ್ ಒತ್ತಿದಾಗ ಲೈನಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಹತ್ತಾರು ಪಟ್ಟು ಏರುತ್ತದೆ. 1 ಮಿಲಿಲೀಟರ್ ಗಾಳಿ ಕುಗ್ಗಿ ಹೆಚ್ಚುಕಮ್ಮಿ ಏನೂ ಉಳಿಯುವುದಿಲ್ಲ. ಆ ಜಾಗ ತುಂಬಲು ಪಿಸ್ಟನ್ ಸುಮಾರು 3.2 ಮಿಲಿಮೀಟರ್ ಹೆಚ್ಚು ಚಲಿಸಬೇಕು, ಅಂದರೆ ಪೆಡಲ್ ಸುಮಾರು 13 ಮಿಲಿಮೀಟರ್ ಹೆಚ್ಚು ಕೆಳಗೆ. ಅಷ್ಟು ಸಣ್ಣ ಗುಳ್ಳೆ ಇಷ್ಟು ಪೆಡಲ್ ತಿನ್ನುತ್ತದೆ.

ಏರ್ ತೆಗೆದರೂ ಉಳಿದರೆ ಮೊದಲು ಕ್ಯಾಲಿಪರ್ ನೋಡಿ. ಬ್ಲೀಡರ್ ನಿಪ್ಪಲ್ (ಏರ್ ಹೊರಗೆ ಬಿಡುವ ತಿರುಪು) ಮೇಲ್ಗಡೆ ಇದೆಯಾ? ಹೊಸ ಕ್ಯಾಲಿಪರ್‌ಗಳನ್ನು ಎಡ ಬಲ ಅದಲುಬದಲು ಹಾಕಿದರೂ ಎಷ್ಟೋ ಗಾಡಿಯಲ್ಲಿ ಸರಿಯಾಗೇ ಕೂರುತ್ತವೆ, ನಿಪ್ಪಲ್ ಮಾತ್ರ ಕೆಳಗೆ ಬರುತ್ತದೆ. ಗಾಳಿ ಮೇಲೇ ನಿಲ್ಲುತ್ತದೆ. ದಿನವಿಡೀ ಕೂತು ಬ್ಲೀಡ್ ಮಾಡಿದರೂ, ಅಂದರೆ ಏರ್ ತೆಗೆದರೂ, ಅದು ಹೊರಗೆ ಬರದು.

ಇನ್ನೊಂದು ಜಾಗ ಎಬಿಎಸ್ ಯೂನಿಟ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು). ಕೆಲಸ ಮಾಡುವಾಗ ಬ್ರೇಕ್ ಆಯಿಲ್ ತುಂಬುವ ರಿಸರ್ವಾಯರ್ ಒಣಗಿದ್ದರೆ ಗಾಳಿ ಅದರೊಳಗೆ ಹೊಕ್ಕಿರಬಹುದು. ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸದೇ ಆ ಗಾಳಿ ಬರುವುದಿಲ್ಲ. ಯಾವ ಚಕ್ರದ ಏರ್ ಮೊದಲು ತೆಗೆಯಬೇಕು ಅನ್ನುವುದನ್ನು ಆ ಗಾಡಿಯ ಮ್ಯಾನ್ಯುಯಲ್ ನೋಡಿಯೇ ಮಾಡಿ. ದೂರದ ಚಕ್ರ ಮೊದಲು ಎಂಬ ಹಳೇ ಮಾತು ಎಲ್ಲ ಗಾಡಿಗೂ ಹೊಂದುವುದಿಲ್ಲ.

ಏರ್ ಎಲ್ಲಿದೆ ಗೊತ್ತಾಗದಿದ್ದರೆ ಹೋಸ್ ಕ್ಲ್ಯಾಂಪ್ ಬಳಸಿ. ಬಾಯಿ ನುಣುಪಾಗಿರುವ, ಹೋಸ್‌ಗೆಂದೇ ಮಾಡಿದ ಕ್ಲ್ಯಾಂಪ್ ಬೇಕು. ಸುಮ್ನೆ ಪ್ಲೈಯರ್ ಹಾಕಿದರೆ ಒಳಗಿನ ಪದರ ಹರಿಯುತ್ತದೆ. ನಾಲ್ಕೂ ಹೋಸ್ ಮುಚ್ಚಿದಾಗ ಪೆಡಲ್ ಗಟ್ಟಿಯಾದರೆ ಮಾಸ್ಟರ್ ಸಿಲಿಂಡರ್ ಸರಿ ಇದೆ. ಒಂದೊಂದಾಗಿ ಬಿಡುತ್ತಾ ಹೋಗಿ. ಯಾವುದನ್ನು ಬಿಟ್ಟಾಗ ಪೆಡಲ್ ಕುಸಿಯುತ್ತದೋ ತಪ್ಪು ಆ ಚಕ್ರದ ಕಡೆ.

ಹಿಡಿದಿದ್ದಂತೆಯೇ ಇಳಿದರೆ

ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಜಾರಿದರೆ ಆಯಿಲ್ ಎಲ್ಲೋ ಹೋಗುತ್ತಿದೆ. ಎಲ್ಲ ಜಾಯಿಂಟ್ ಒರೆಸಿ ನೋಡಿ. ಹೋಸ್ ಬೋಲ್ಟಿನ ತಾಮ್ರದ ವಾಷರ್ ಹಳೆಯದೇ ಹಾಕಿದ್ದರೆ ಬದಲಾಯಿಸಿ. ಹೊರಗೆ ಎಲ್ಲೂ ಒದ್ದೆಯಿಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ನ ಒಳಗಿನ ಸೀಲ್ ದಾಟಿ ಆಯಿಲ್ ಹಿಂದಕ್ಕೆ ಹೋಗುತ್ತಿರುತ್ತದೆ. ಬೂಸ್ಟರ್ ಒಳಗೂ ಸೋರಿರಬಹುದು, ಸಿಲಿಂಡರಿನ ಹಿಂಭಾಗ ತೆರೆದು ನೋಡಿ.

ಹಳೇ ಗಾಡಿಯಲ್ಲಿ ಇದು ಬ್ಲೀಡಿಂಗ್ ಮಾಡಿದ ಮೇಲೆಯೇ ಶುರುವಾಗುವುದುಂಟು. ವರ್ಷಗಟ್ಟಲೆ ಪಿಸ್ಟನ್ ಬೋರ್‌ನ ಒಂದು ಭಾಗದಲ್ಲಷ್ಟೇ ಓಡಾಡಿರುತ್ತದೆ. ತಳ ಮುಟ್ಟುವಂತೆ ಪೆಡಲ್ ತುಳಿದಾಗ ಸೀಲ್ ತುಕ್ಕು ಹಿಡಿದ ಜಾಗಕ್ಕೆ ಹೋಗಿ ಹರಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡು ಬ್ಲೀಡ್ ಮಾಡಿದರೆ ಈ ನಷ್ಟ ತಪ್ಪುತ್ತದೆ.

ಸೀಲ್ ಬಗ್ಗೆ ಒಂದು ಮಾತು. ಬ್ರೇಕ್ ಭಾಗಗಳನ್ನು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ರಬ್ಬರ್ ಉಬ್ಬಿ ಕೆಡುತ್ತದೆ. ಹೊಸ ಬ್ರೇಕ್ ಆಯಿಲ್ಲೇ ಸಾಕು.

ಘಾಟಿಯಲ್ಲಿ ಮಾತ್ರ ಮೆತ್ತಗಾದರೆ

ಊರಲ್ಲಿ ಪೆಡಲ್ ಚೆನ್ನಾಗಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು ಇಳಿಯುವಷ್ಟರಲ್ಲಿ ಮೆತ್ತಗಾಗುತ್ತದೆ, ತಣ್ಣಗಾದ ಮೇಲೆ ಮತ್ತೆ ಸರಿ. ಇದು ಆಯಿಲ್ ಕುದಿದ ಲಕ್ಷಣ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೇ ತಡೆಯಬೇಕು. ಸುಮಾರು 3.7 ಶೇಕಡ ನೀರು ಸೇರಿದಾಗ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಈ ಅಂಕಿ 205 ಮತ್ತು 140. ಕುದಿದಾಗ ಎದ್ದ ಆವಿ ಗಾಳಿಯ ಹಾಗೇ ಕುಗ್ಗುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಅರ್ಧ ಡಬ್ಬಿ ಬಳಸಬಾರದು ಅನ್ನುವುದು ಇದಕ್ಕೇ. ಸೀಲ್ ಒಡೆಯದ ಸಣ್ಣ ಡಬ್ಬಿ ತನ್ನಿ, ಹಳೆಯದೆಲ್ಲ ಹೊರಗೆ ಬರುವವರೆಗೂ ಬ್ಲೀಡ್ ಮಾಡಿ. ಡಾಟ್ 5 ಸಿಲಿಕೋನ್ ಜಾತಿ, ಅದನ್ನು ಇವುಗಳ ಜೊತೆ ಬೆರೆಸಬೇಡಿ.

ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳುವವರೆಗೆ ಬ್ರೇಕಿನ ಕಚ್ಚು ಸ್ವಲ್ಪ ಕಮ್ಮಿ ಇರುತ್ತದೆ. ಪೆಡಲ್ ಗಟ್ಟಿಯಾದ ಮೇಲೆಯೇ ಪ್ಯಾಡ್ ಹೊಂದಿಸಲು ರಸ್ತೆಗೆ ಇಳಿಯಿರಿ. ಜನ ಓಡಾಡದ ಸಮತಟ್ಟಾದ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೇ, ಹಲವು ಸಲ ಇಳಿಸಿ. ನಡುನಡುವೆ ತಣ್ಣಗಾಗಲು ಬಿಡಿ. ಇದಾಗುವ ಮೊದಲು ಗಾಡಿಯನ್ನು ಆಗುಂಬೆಗಾಗಲೀ ಹುಲಿಕಲ್ ಘಾಟಿಗಾಗಲೀ ಕಳಿಸಬೇಡಿ.